ಬಾಯಿ ಬಿಟ್ಟ ಕಾರಿನ ಬಾಗಿಲಿಗೆ ವೆಲ್ಡಿಂಗ್ ಬೇಕೇ? ಅಂಟು ಸಾಕೇ?

ಕಾರು ಅಥವಾ ವ್ಯಾನಿನ ಬಾಗಿಲಿನ ಕೆಳ ಅಂಚಿನಲ್ಲಿ ಹೊರಗಿನ ತಗಡು ಬಿಟ್ಟುಕೊಂಡರೆ ಎರಡು ಬಗೆಯ ಸಲಹೆ ಬರುತ್ತದೆ. ‘ವೆಲ್ಡಿಂಗ್ ಬಿಟ್ಟರೆ ಬೇರೆ ದಾರಿಯೇ ಇಲ್ಲ’ ಎಂಬುದು ಒಂದು. ‘ಸೂಪರ್ ಗ್ಲೂ ಹಾಕಿ ಮೇಲೆ ಅಡುಗೆ ಸೋಡಾ ಉದುರಿಸಿ, ವೆಲ್ಡಿಂಗ್‌ಗಿಂತ ಗಟ್ಟಿ’ ಎಂಬುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ. ಹೇಗೆ ಎಂಬುದನ್ನು ನೋಡೋಣ.

ಬಾಗಿಲು ತಯಾರಾಗುವುದು ಹೇಗೆ?

ಕಾರಿನ ಬಾಗಿಲು ಒಂದೇ ತಗಡಲ್ಲ. ಒಳಗೆ ಗಟ್ಟಿಯಾದ ಚೌಕಟ್ಟು, ಹೊರಗೆ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ತೆಳುವಾದ ತಗಡು. ಹೊರ ತಗಡಿನ ಅಂಚನ್ನು ಚೌಕಟ್ಟಿನ ಮೇಲೆ ಮಡಚಿ ಒತ್ತಿರುತ್ತಾರೆ, ಸೀರೆಯ ಅಂಚು ಮಡಚಿ ಹೊಲಿದ ಹಾಗೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಆ ಮಡಿಕೆಯೊಳಗೆ ಕಾರ್ಖಾನೆಯಲ್ಲೇ ಅಂಟು ಹಾಕಿರುತ್ತಾರೆ. ಅಂದರೆ ಇಲ್ಲಿ ಅಂಟು ಬಳಸುವುದು ‘ಜುಗಾಡ್’ ಅಲ್ಲ, ಮೂಲ ವಿಧಾನದ ಭಾಗವೇ.

ಹರಿಹರದಲ್ಲಿ 1940ರ ದಶಕದಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ಯಂತ್ರಗಳನ್ನು ತಯಾರಿಸಿತ್ತು. ಇಂಥ ಊರಿನಲ್ಲಿ ಕಬ್ಬಿಣ ಜೋಡಿಸುವುದೆಂದರೆ ವೆಲ್ಡಿಂಗ್ ಎಂದು ಜನ ಭಾವಿಸುವುದು ಸಹಜ. ದಪ್ಪ ಕಬ್ಬಿಣಕ್ಕೆ ಅದು ಸರಿ. ತೆಳು ತಗಡಿಗೆ ಬೆಂಕಿ ತಾಗಿದರೆ ಅದು ಸೊಟ್ಟಗಾಗುತ್ತದೆ. ತುಕ್ಕು ತಡೆಯುವ ಸತುವಿನ ಲೇಪ, ಬಣ್ಣ, ಹಳೆಯ ಅಂಟು ಎಲ್ಲವೂ ಸುಟ್ಟು ಹೋಗುತ್ತವೆ. ಮಡಿಕೆಯ ಒಳಭಾಗಕ್ಕೆ ಮತ್ತೆ ಬಣ್ಣ ಹಚ್ಚಲು ಕೈ ಹೋಗುವುದಿಲ್ಲ. ಅಲ್ಲಿಂದಲೇ ಹೊಸ ತುಕ್ಕು ಶುರು.

ತಗಡು ಬಿಡುವುದು ಏಕೆ?

ಹೆಚ್ಚಾಗಿ ನೀರಿನಿಂದ. ಗಾಜಿನ ಪಕ್ಕದ ರಬ್ಬರ್ ಬೀಡಿಂಗ್ ಮೂಲಕ ಮಳೆನೀರು ಬಾಗಿಲೊಳಗೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ದಾವಣಗೆರೆ, ಹರಿಹರದ ಸುತ್ತ ಭದ್ರಾ ಕಾಲುವೆಯ ಗದ್ದೆ ದಾರಿಗಳಲ್ಲಿ ಓಡಾಡುವ ಗಾಡಿಗಳಲ್ಲಿ ಕೆಸರು ಒಣಗಿ ಈ ರಂಧ್ರಗಳನ್ನು ಮುಚ್ಚಿಬಿಡಬಹುದು. ನೀರು ಒಳಗೇ ನಿಲ್ಲುತ್ತದೆ, ಮಡಿಕೆಯಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ ಮಡಿಕೆಯನ್ನೇ ಬಿಚ್ಚುತ್ತದೆ.

ಮೊದಲು ಪರೀಕ್ಷೆ ಮಾಡಿ

ಸ್ಕ್ರೂಡ್ರೈವರ್ ತುದಿಯಿಂದ ಅಂಚನ್ನು ಒತ್ತಿ ನೋಡಿ. ತಗಡು ಗಟ್ಟಿಯಾಗಿದ್ದರೆ ಅಂಟಿನ ಕೆಲಸ ನಡೆಯುತ್ತದೆ. ತುದಿ ಒಳಗೆ ಹೋದರೆ ಅಥವಾ ತುಕ್ಕು ಪುಡಿಪುಡಿಯಾಗಿ ಉದುರಿದರೆ ಯಾವ ಅಂಟೂ ಪ್ರಯೋಜನವಿಲ್ಲ. ಆ ಭಾಗ ಕತ್ತರಿಸಿ ಹೊಸ ತಗಡು ಹಾಕಬೇಕು, ಇಲ್ಲವೇ ಬಾಗಿಲು ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲಿನ ತಳಕ್ಕೆ ಹಿಡಿಯಬಹುದು. ಉಕ್ಕಿನ ಬಾಗಿಲಿನಲ್ಲಿ ಒಂದು ಕಡೆ ಮಾತ್ರ ಅದು ಹಿಡಿಯದಿದ್ದರೆ ಅಲ್ಲಿ ದಪ್ಪ ಪುಟ್ಟಿ ಮೆತ್ತಿರುವ ಸಾಧ್ಯತೆ ಇದೆ.

ಸರಿಯಾದ ವಿಧಾನ

1. ತಳದ ರಂಧ್ರಗಳನ್ನು ತೆರೆದು, ಬಾಗಿಲನ್ನು ಪೂರ್ತಿ ಒಣಗಿಸಿ. ಒಳಗಿನ ಟ್ರಿಮ್ ಬಿಚ್ಚಿ ತುಕ್ಕು ಎಲ್ಲಿಯವರೆಗೆ ಹೋಗಿದೆ ನೋಡಿ.
2. ಮಡಿಕೆಯನ್ನು ಬೇಕಾದಷ್ಟು ಮಾತ್ರ ಸಡಿಲಿಸಿ. ಪದೇ ಪದೇ ಬಗ್ಗಿಸಿದರೆ ತಗಡು ಸೀಳುತ್ತದೆ.
3. ಎಮರಿ ಪೇಪರ್‌ನಿಂದ ತುಕ್ಕು, ಹಳೆಯ ಬಣ್ಣ ತೆಗೆದು ಹೊಳೆಯುವ ಲೋಹ ಕಾಣುವಂತೆ ಮಾಡಿ. ಥಿನ್ನರ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ಅಂಟನ್ನು ಹಿಡಿಯಲು ಬಿಡುವುದಿಲ್ಲ.
4. ವಾಹನದ ತಗಡಿಗೆಂದೇ ಬರುವ, ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟನ್ನು ಪ್ಯಾಕಿನ ಮೇಲಿನ ಅಳತೆಯಲ್ಲೇ ಬೆರೆಸಿ ಹಚ್ಚಿ. ದಾವಣಗೆರೆಯ ಬೇಸಿಗೆ ಮಧ್ಯಾಹ್ನ ಅದು ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಬೆಳಿಗ್ಗೆ ನೆರಳಿನಲ್ಲಿ ಮಾಡಿ.
5. ಮರದ ಪಟ್ಟಿ ಇಟ್ಟು ನಾಲ್ಕೈದು ಇಂಚಿಗೊಂದು ಕ್ಲಾಂಪ್ ಬಿಗಿಯಿರಿ. ಅಂಟು ಗಟ್ಟಿಯಾಗುವ ಮೊದಲೇ ಅಂಚು ನೇರವಾಗಿದೆಯೇ ನೋಡಿಕೊಳ್ಳಿ. ಪ್ಯಾಕಿನಲ್ಲಿ ಹೇಳಿದಷ್ಟು ಹೊತ್ತು ಅಲುಗಿಸಬೇಡಿ.
6. ಅಂಚಿಗೆ ಸೀಲರ್, ಪ್ರೈಮರ್, ಬಣ್ಣ ಹಚ್ಚಿ. ನೀರಿನ ರಂಧ್ರ ಮಾತ್ರ ಮುಚ್ಚಬೇಡಿ.

ಕೈಗವಸು ಕಡ್ಡಾಯ, ಏಕೆಂದರೆ ಎಪಾಕ್ಸಿ ಚರ್ಮಕ್ಕೆ ಅಲರ್ಜಿ ತರಬಲ್ಲದು. ಥಿನ್ನರ್ ಹತ್ತಿರ ಬೀಡಿ, ಬೆಂಕಿ ಬೇಡ.

ಸೂಪರ್ ಗ್ಲೂ, ಸೋಡಾ?

ಈ ಮಿಶ್ರಣ ಕ್ಷಣದಲ್ಲಿ ಕಲ್ಲಿನಂತಾಗುವುದು ನಿಜ. ಆದರೆ ಅದು ಬಾಗುವುದಿಲ್ಲ, ಬಿರಿಯುತ್ತದೆ. ಬಾಗಿಲನ್ನು ದಿನಕ್ಕೆ ಹತ್ತಾರು ಸಲ ಬಡಿದು ಮುಚ್ಚುತ್ತೇವೆ. ಆ ಏಟು, ಬಿಸಿಲು, ನೀರು ಇದಕ್ಕೆ ತಡೆಯವು. ಜೊತೆಗೆ ಬೆರೆಸಿದ ತಕ್ಷಣ ಬಿಸಿಯಾಗಿ ಕಣ್ಣುರಿಸುವ ಹೊಗೆ ಏಳಬಹುದು.

ಅಂಟು ಎಲ್ಲಿ ಬೇಡವೇ ಬೇಡ?

ಕೀಲು, ಲಾಕ್, ಬಾಗಿಲು ಕೂರುವ ಕಂಬ, ಬಾಗಿಲೊಳಗೆ ಅಡ್ಡಲಾಗಿರುವ ಉಕ್ಕಿನ ತೊಲೆ, ಇವುಗಳನ್ನು ಮನೆಯಲ್ಲಿ ಅಂಟಿಸಲೂ ಬಾರದು, ಸಿಕ್ಕಲ್ಲಿ ವೆಲ್ಡಿಂಗ್ ಮಾಡಿಸಲೂ ಬಾರದು. ಪಕ್ಕದಿಂದ ಗಾಡಿ ಗುದ್ದಿದಾಗ ಒಳಗೆ ಕೂತವರನ್ನು ಕಾಯುವುದು ಆ ತೊಲೆ. ಅಕ್ಟೋಬರ್ 2023ರಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲೂ ಪಕ್ಕದ ಡಿಕ್ಕಿಗೆ ಅಂಕವಿದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ದಿನವೂ ದಾವಣಗೆರೆ–ಹರಿಹರ ಓಡಾಡುವವರು ಇದನ್ನು ಹಗುರವಾಗಿ ಕಾಣಬಾರದು. ಗುದ್ದಿದ ಬಾಗಿಲಾದರೆ ಕಂಪನಿಯ ರಿಪೇರಿ ವಿಧಾನ ತಿಳಿದವರಿಗೇ ತೋರಿಸಿ.

ನಿಜವೇನು?

ವೆಲ್ಡಿಂಗ್ ಇಲ್ಲದೆ ಬಾಗಿಲಿನ ಅಂಚು ಕೂರಿಸಬಹುದು ಎಂಬುದು ಭಾಗಶಃ ನಿಜ. ತಗಡು ಗಟ್ಟಿಯಿದ್ದು, ತುಕ್ಕು ಪೂರ್ತಿ ತೆಗೆದು, ಸರಿಯಾದ ಅಂಟು ಹಾಕಿ, ನೀರು ಹರಿಯಲು ದಾರಿ ಬಿಟ್ಟರೆ ಮಾತ್ರ ಅದು ಬಾಳುತ್ತದೆ. ಸೋಡಾ ಹಾಕಿದ ಗಮ್ ವೆಲ್ಡಿಂಗ್‌ಗೆ ಸಮ ಎಂಬುದು ಸುಳ್ಳು. ಅಂಥ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ.