ಫೀಸು ಕಟ್ಟಿದವರಿಗೆ ನಾವು ಸಾಲಗಾರರಾ? ಪಂಡಿತಾ ರಮಾಬಾಯಿ ಕಥೆ

(1/5)
ಎಂಟರಿಂದ ಹತ್ತನೇ ಕ್ಲಾಸಿನವರೆಗೆ ನಾನು ಒಂದು ಮಿಷನ್ ಹಾಸ್ಟೆಲ್ಲಲ್ಲಿದ್ದೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ನನ್ನ ಊಟ, ಫೀಸು, ಯೂನಿಫಾರ್ಮಿಗೆ ದುಡ್ಡು ಕಳಿಸ್ತಿದ್ದವರು ಯಾವುದೋ ದೇಶದ ಒಬ್ಬ ಸ್ಪಾನ್ಸರ್. ಅವರ ಮುಖ ನೋಡಿಲ್ಲ. ಪ್ರತಿ ಡಿಸೆಂಬರಿಗೆ ಅವರಿಗೊಂದು ಪತ್ರ ಬರೀಬೇಕಿತ್ತು. ಬೋರ್ಡ್ ಮೇಲೆ ಬರೆದಿದ್ದನ್ನೇ ನಾವೆಲ್ಲ ಕಾಪಿ ಮಾಡ್ತಿದ್ವಿ. 'ನಾನು ದಿನಾ ನಿಮಗಾಗಿ ಪ್ರಾರ್ಥಿಸುತ್ತೇನೆ' ಅನ್ನೋ ಸಾಲು ಬಂದಾಗ ನನ್ನ ಪೆನ್ನು ನಿಲ್ತಿತ್ತು. ಯಾಕಂದ್ರೆ ಅದು ಸುಳ್ಳು. ಆದರೂ ಬರೀತಿದ್ದೆ. ಅನ್ನ ತಿಂದಿದ್ದೀನಲ್ಲ!

ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಒಬ್ಬ ಹೆಂಗಸು 130 ವರ್ಷದ ಹಿಂದೆ ಇದೇ ಇಕ್ಕಟ್ಟಿಗೆ ಸಿಕ್ಕಿದ್ರು. ಈ ವಾರ ಅವರ ಕಥೆ.

(2/5)
ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿನಲ್ಲಿ. ಈಗಿನ ಚಿಕ್ಕಮಗಳೂರು ಜಿಲ್ಲೆ, ತುಂಗಾ ಭದ್ರಾ ಹುಟ್ಟೋ ಜಾಗ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸಂಪ್ರದಾಯಸ್ಥರ ಸಿಟ್ಟು ಕಟ್ಟಿಕೊಂಡವರು. ಊರೂರು ತಿರುಗಿ ಪುರಾಣ ಹೇಳಿ ಬದುಕುತ್ತಿದ್ದ ಕುಟುಂಬ. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಹೋದ್ರು. ಆಮೇಲೆ ಅಣ್ಣನೂ ಹೋದ. ಮದುವೆಯಾಗಿ ಎರಡು ವರ್ಷ ತುಂಬೋದ್ರೊಳಗೆ ಗಂಡನೂ ತೀರಿಕೊಂಡ್ರು. ಕೈಯಲ್ಲಿ ಉಳಿದದ್ದು ಪುಟ್ಟ ಮಗಳು ಮನೋರಮಾ. ಅನಾಥೆ ಅಂದ್ರೆ ಏನು, ವಿಧವೆ ಅಂದ್ರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1883ರಲ್ಲಿ ಇಂಗ್ಲೆಂಡಿಗೆ ಓದಲು ಹೋದಾಗ ಕ್ರೈಸ್ತರಾದ್ರು. 1886ರಲ್ಲಿ ಅಮೆರಿಕಕ್ಕೆ ಹೋದ್ರು. ಮರುವರ್ಷ ಇಂಗ್ಲಿಷಿನಲ್ಲಿ ಹಿಂದೂ ವಿಧವೆಯರ ಪಾಡಿನ ಬಗ್ಗೆ ಒಂದು ಪುಸ್ತಕ ಬರೆದ್ರು, ಊರೂರಲ್ಲಿ ಭಾಷಣ ಮಾಡಿದ್ರು.

(3/5)
ಈಗ ನಮ್ಮ ಕಾಮರ್ಸ್ ಭಾಗ. 1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಶುರುವಾಯ್ತು. ಬೇರೆ ಬೇರೆ ಊರುಗಳಲ್ಲಿ 'ರಮಾಬಾಯಿ ಸರ್ಕಲ್' ಅಂತ ಗುಂಪುಗಳು. ಜನ ವರ್ಷಕ್ಕಿಷ್ಟು ಅಂತ ಚಂದಾ ಕಟ್ಟೋದು. ಹತ್ತು ವರ್ಷ ಶಾಲೆ ನಡೆಸುವಷ್ಟು ದುಡ್ಡು ಕೊಡ್ತೀವಿ ಅಂತ ಮಾತು. ಆದರೆ ಒಂದು ಷರತ್ತು: ಶಾಲೆಯಲ್ಲಿ ಧರ್ಮಬೋಧನೆ ಇರಬಾರದು. ಗಮನಿಸಿ, ದುಡ್ಡು ಕೊಟ್ಟವರಲ್ಲಿ ಹೆಚ್ಚಿನವರು ಕ್ರೈಸ್ತರೇ. ನಡೆಸುವವರೂ ಕ್ರೈಸ್ತರೇ. ಆದರೂ ಈ ಷರತ್ತು.

1889ರ ಮಾರ್ಚ್ 11ಕ್ಕೆ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮುಂದಿನ ವರ್ಷ ಪುಣೆಗೆ ಹೋಯ್ತು. ಮೊದಮೊದಲು ಸೇರಿದವರಲ್ಲಿ ಗೋದೂಬಾಯಿ ಅನ್ನೋ ಬಾಲವಿಧವೆ ಇದ್ದಳು. ಅಲ್ಲಿ ಓದಿ, 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾದಳು. ಹೌದು, ಮುಂದೆ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಅದೇ ಕರ್ವೆ. ಅಮೆರಿಕದ ಕ್ರೈಸ್ತರ ಡಾಲರಿನಲ್ಲಿ ಓದಿದವಳು ಹಿಂದೂ ಆಗಿಯೇ ಉಳಿದು ತನ್ನ ಬದುಕು ಕಟ್ಟಿಕೊಂಡಳು.

(4/5)
ಆದರೆ ಅದೇ 1893ರಲ್ಲಿ ಗಲಾಟೆ ಎದ್ದಿತು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ತಾವಾಗಿ ಬಂದು ಕೂರಲು ಶುರು ಮಾಡಿದ್ರು. ಪುಣೆಯ ಪತ್ರಿಕೆಗಳು ಇದು ಮತಾಂತರ ಅಂದವು. ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅಂಥ ದೊಡ್ಡವರು ಹೊರಬಂದ್ರು. ಹಲವು ಮನೆಯವರು ಮಕ್ಕಳನ್ನು ಕರೆದುಕೊಂಡು ಹೋದ್ರು.

ರಮಾಬಾಯಿ ವಾದ: ಬನ್ನಿ ಅಂತ ನಾನು ಯಾರನ್ನೂ ಕರೆದಿಲ್ಲ, ಬಂದವರನ್ನು ತಡೆದೂ ಇಲ್ಲ. ನ್ಯಾಯವಾದ ಮಾತೇ. ಆದರೆ ನಾನು ಹಾಸ್ಟೆಲ್ಲಿನ ಹುಡುಗ. ಅನ್ನ ಹಾಕೋರು ಪ್ರಾರ್ಥನೆಗೆ ಕೂತಾಗ ಹತ್ತು ವರ್ಷದ ಮಗು ಪಕ್ಕದಲ್ಲಿ ಹೋಗಿ ಕೂತರೆ ಅದು ನಂಬಿಕೆಯೋ, ಪ್ರೀತಿಯೋ, ಭಯವೋ? ಆ ಮಗುವಿಗೇ ಗೊತ್ತಿರಲ್ಲ. ಅನುಭವದಿಂದ ಹೇಳ್ತಿದ್ದೀನಿ.

(5/5)
1896-97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದ್ರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ 'ಮುಕ್ತಿ' ಬೆಳೆಯಿತು. 1900ರ ಹೊತ್ತಿಗೆ ಅಲ್ಲಿದ್ದವರು ಸಾವಿರಕ್ಕೂ ಹೆಚ್ಚು. ಇಷ್ಟರಲ್ಲಿ ಬಾಸ್ಟನ್ನಿನವರ ಹತ್ತು ವರ್ಷ ಮುಗಿದಿತ್ತು. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ, ಮುಚ್ಚುಮರೆ ಇಲ್ಲ. ಓದಿನ ಜೊತೆ ನೇಯ್ಗೆ, ತೋಟ, ಹೈನು, ಪ್ರಿಂಟಿಂಗ್ ಪ್ರೆಸ್ಸು, ಎಲ್ಲ ಕಲಿಸ್ತಿದ್ರು. ಅಂದ್ರೆ ಹೊರಗೆ ಬಂದರೂ ಕೈಯಲ್ಲೊಂದು ಕೆಲಸ. ಮುಂದೆ ನಮ್ಮ ಕಲಬುರಗಿಯಲ್ಲೂ ಒಂದು ಕ್ರಿಶ್ಚಿಯನ್ ಹೈಸ್ಕೂಲ್ ಶುರು ಮಾಡಿಸಿದ್ರು. ಮಗಳು ಮನೋರಮಾ ಅಲ್ಲಿ ಪ್ರಿನ್ಸಿಪಾಲ್ ಆಗಿದ್ರು. ಮನೋರಮಾ 1921ರಲ್ಲಿ, ರಮಾಬಾಯಿ 1922ರಲ್ಲಿ ತೀರಿಕೊಂಡ್ರು.

ಸೆಕೆಂಡ್ ಪಿಯುಸಿ ಅಕೌಂಟೆನ್ಸಿ ನೆನಪಿದೆಯಾ? ಇಂಥದ್ದೇ ಕೆಲಸಕ್ಕೆ ಅಂತ ಬಂದ ಸ್ಪೆಸಿಫಿಕ್ ಡೊನೇಷನ್ನನ್ನು ಬ್ಯಾಲೆನ್ಸ್ ಶೀಟಿನಲ್ಲಿ ಲಯಬಿಲಿಟಿ ಸೈಡಿಗೆ ಹಾಕ್ತೀವಿ. ಯಾರ ಲಯಬಿಲಿಟಿ? ಸಂಸ್ಥೆಯದ್ದು. ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕು, ಲೆಕ್ಕ ಕೊಡಬೇಕು. ಬಾಸ್ಟನ್ನಿನ ಷರತ್ತು ಕಟ್ಟಿಹಾಕಿದ್ದು ರಮಾಬಾಯಿಯನ್ನು, ಗೋದೂಬಾಯಿಯನ್ನಲ್ಲ. ಮಗುವಿನ ನಂಬಿಕೆ ಆ ಲೆಕ್ಕದ ಯಾವ ಕಾಲಮ್ಮಿನಲ್ಲೂ ಬರಬಾರದು.

ನನಗೆ ಓದಿಸಿದವರ ಮೇಲೆ ನನಗೆ ಕೃತಜ್ಞತೆ ಇದೆ, ಇದು ನಿಜ. ಈ ಸಲ ಡಿಸೆಂಬರಿಗೆ ಅವರಿಗೊಂದು ಪತ್ರ ಬರೀತೀನಿ. ಹಾಸ್ಟೆಲ್ ಮೂಲಕ ಕಳಿಸಿದ್ರೆ ತಲುಪುತ್ತೆ ಅಂದುಕೊಂಡಿದ್ದೀನಿ. ಬಿಕಾಂ ಮಾಡ್ತಿದ್ದೀನಿ, ಊಟಕ್ಕೆ ಥ್ಯಾಂಕ್ಸ್ ಅಂತ. ಪ್ರಾರ್ಥನೆ ಸಾಲು ಬಿಟ್ಟು.

ನೀವೂ ಸ್ಪಾನ್ಸರ್ ದುಡ್ಡಲ್ಲಿ ಓದಿದವರಾ? ನಿಮ್ಮ ಪತ್ರದಲ್ಲಿ ಏನು ಬರೀತಿದ್ರಿ? ಕಾಮೆಂಟಲ್ಲಿ ಬೇಡ ಅನ್ನಿಸಿದ್ರೆ ಡಿಎಂ ಮಾಡಿ.

#ಬಿಕಾಂಹುಡುಗನಇತಿಹಾಸ #ಪಂಡಿತಾರಮಾಬಾಯಿ #ಕನ್ನಡ