ಕೂಗಿದ್ದು ಯಾರು?

2000ರ ಮೇ ತಿಂಗಳಲ್ಲಿ ಅಮೆರಿಕದ ಈಬೇ ತಾಣದಲ್ಲಿ ಒಂದು ದೊಡ್ಡ ಕ್ಯಾನ್ವಾಸ್ ಚಿತ್ರ ಹರಾಜಿಗೆ ಬಂತು. ಆರಂಭದ ಬೆಲೆ 25 ಸೆಂಟ್. ಮಾರುವವನ ಮಾತು ಪಾಪದ ಸಂಸಾರಿಯ ಮಾತಿನಂತಿತ್ತು. ಎಂದೋ ಯಾರದೋ ಮನೆಯವರು ಹಳೇ ಸಾಮಾನು ಮಾರುವಾಗ ಕೊಂಡ ಚಿತ್ರವಂತೆ, ಹೆಂಡತಿ ಅದನ್ನು ಮನೆಯೊಳಗೆ ಇಡಲು ಬಿಡುತ್ತಿಲ್ಲವಂತೆ, ಮಗು ಆಟದ ಸೈಕಲ್ ಗುದ್ದಿಸಿ ಒಂದು ಕಡೆ ತೂತು ಮಾಡಿದೆಯಂತೆ. ಚಿತ್ರ ಬರೆದವರು ಯಾರೆಂದು ಅವನು ಹೇಳಲೇ ಇಲ್ಲ. ಆದರೆ ಫೋಟೋದಲ್ಲಿ ಚಿತ್ರದ ಮೂಲೆಯಲ್ಲಿದ್ದ ‘ಆರ್‌ಡಿ 52’ ಎಂಬ ಗುರುತು ಕಾಣುತ್ತಿತ್ತು. ಕಣ್ಣು ಚುರುಕಾಗಿದ್ದವರು ಅದನ್ನು ಹಿಡಿದರು. ಕ್ಯಾಲಿಫೋರ್ನಿಯಾದ ಹೆಸರಾಂತ ಕಲಾವಿದ ರಿಚರ್ಡ್ ಡೀಬೆನ್‌ಕಾರ್ನ್ 1952ರಲ್ಲಿ ಬರೆದದ್ದೇ ಇರಬೇಕು, ಮಾರುವ ಮಂಕನಿಗೆ ಗೊತ್ತಿಲ್ಲ ಎಂದುಕೊಂಡರು. ಬೆಲೆ ಏರುತ್ತಾ ಹೋಗಿ ಕೊನೆಗೆ 1,35,805 ಡಾಲರ್‌ಗೆ ನಿಂತಿತು. ಗೆದ್ದವನು ನೆದರ್‌ಲೆಂಡ್ಸ್‌ನಲ್ಲಿದ್ದ.

ಕೆಲವೇ ದಿನಗಳಲ್ಲಿ ಈಬೇ ಆ ಮಾರಾಟವನ್ನು ರದ್ದುಪಡಿಸಿತು. ಚಿತ್ರ ಅಸಲಿಯೋ ನಕಲಿಯೋ ಎಂಬುದು ಆಗಿನ್ನೂ ತೀರ್ಮಾನವಾಗಿರಲಿಲ್ಲ. ಮಾರುವವನೇ ಬೇರೊಂದು ಹೆಸರಿನಿಂದ ತನ್ನ ಚಿತ್ರಕ್ಕೆ ಬೆಲೆ ಕೂಗಿದ್ದ, ರದ್ದತಿಗೆ ಅದೇ ಕಾರಣ. ಆತ ಸ್ಯಾಕ್ರಮೆಂಟೊ ಊರಿನ ವಕೀಲ ಕೆನೆತ್ ವಾಲ್ಟನ್. ಅವನಿಗೆ ಹೆಂಡತಿಯೂ ಇರಲಿಲ್ಲ, ಮಗುವೂ ಇರಲಿಲ್ಲ. ಮೂಲೆಯ ಅಕ್ಷರಗಳನ್ನು ಬರೆದವನೂ ಅವನೇ. ಎಫ್‌ಬಿಐ ಕೆದಕಿದಾಗ ಅವನೂ ಇನ್ನಿಬ್ಬರೂ ಸೇರಿ 40ಕ್ಕೂ ಹೆಚ್ಚು ಸುಳ್ಳು ಖಾತೆಗಳನ್ನು ಇಟ್ಟುಕೊಂಡು, ಒಬ್ಬರ ಸರಕಿಗೆ ಇನ್ನೊಬ್ಬರು ಬೆಲೆ ಏರಿಸುತ್ತಾ ನೂರಾರು ಹರಾಜು ನಡೆಸಿದ್ದು ಬಯಲಾಯಿತು. 2001ರಲ್ಲಿ ವಾಲ್ಟನ್ ತಪ್ಪೊಪ್ಪಿಕೊಂಡ. ವಕೀಲಿಕೆ ಹೋಯಿತು. 2006ರಲ್ಲಿ ಈ ಕಥೆಯನ್ನೆಲ್ಲ ಅವನೇ ಪುಸ್ತಕವಾಗಿ ಬರೆದ.

ಕಲಾವಿದನ ಸಹಿ ತಿದ್ದಿದ್ದು ಮೋಸ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಸುಳ್ಳು ಸವಾಲಿನ ಮಾತು ಹಾಗಲ್ಲ. ‘ಕೊಳ್ಳುವವನ ಕೈ ಹಿಡಿದು ಯಾರೂ ಎಳೆದಿಲ್ಲ, ಅವನಿಗೆ ಬೇಕಿತ್ತು, ಕೊಟ್ಟ’ ಎನ್ನುವ ವಾದ ಇವತ್ತಿಗೂ ಕೇಳಿಬರುತ್ತದೆ. ಈ ವಾದಕ್ಕೆ ಎರಡು ಸಾವಿರ ವರ್ಷಗಳ ಹಿಂದೆಯೇ ಒಂದು ಉತ್ತರ ಸಿಕ್ಕಿತ್ತು.

ಅದಕ್ಕೆ ಮೊದಲು ನಮ್ಮ ಮಾತುಗಳನ್ನೇ ಒಮ್ಮೆ ನೋಡಬೇಕು. ‘ಹರಾಜು’ ಅರಬ್ಬಿ ಮೂಲದ್ದು. ಉತ್ತರ ಕರ್ನಾಟಕದಲ್ಲಿ ಕೇಳುವ ‘ಲಿಲಾವು’ ಪೋರ್ಚುಗೀಸರ ‘ಲೈಲಾಂವ್’ನಿಂದ ಬಂದದ್ದು. ಹರಾಜಿನಲ್ಲಿ ಕೂಗುವ ಬೆಲೆಗೆ ಹೇಳುವ ‘ಸವಾಲು’ ಕೂಡ ಅರಬ್ಬಿಯದೇ, ಅಲ್ಲಿ ಅದರ ಅರ್ಥ ಪ್ರಶ್ನೆ. ಬೆಲೆ ಕೂಗುವವನು ನೆರೆದವರನ್ನು ಒಂದು ಪ್ರಶ್ನೆ ಕೇಳುತ್ತಾನೆ: ನಾನು ಇಷ್ಟು ಕೊಡುತ್ತೇನೆ, ನೀವು? ಆ ಪ್ರಶ್ನೆಯಲ್ಲಿ ಒಂದು ಸಾಕ್ಷಿಯೂ ಇದೆ. ಈ ವಸ್ತುವಿಗೆ ಇಷ್ಟು ಹಣ ಎಣಿಸಲು ಸಿದ್ಧನಾದ ಒಬ್ಬ ಮನುಷ್ಯ ಇಲ್ಲಿ ಇದ್ದಾನೆ ಎಂಬ ಸಾಕ್ಷಿ. ಜಾತ್ರೆಯಲ್ಲಿ ದೇವರ ತೆಂಗಿನಕಾಯಿಯನ್ನು ಸವಾಲಿಗಿಟ್ಟಾಗ ಸಾವಿರಗಟ್ಟಲೆ ಕೂಗುವ ಭಕ್ತನೂ ಎಲ್ಲರ ಕಣ್ಣೆದುರು ಕೂಗುತ್ತಾನೆ, ಹಣ ದೇವರ ಹುಂಡಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಅಲ್ಲಿ ಬೆಲೆ ಎಷ್ಟೇ ಏರಿದರೂ ಯಾರಿಗೂ ಸುಳ್ಳು ಹೇಳಿದಂತಾಗುವುದಿಲ್ಲ.

ಇನ್ನು ಆ ಹಳೆಯ ಉತ್ತರ. ರೋಮಿನ ಸಿಸಿರೊ ಕ್ರಿ.ಪೂ. 44ರಲ್ಲಿ, ಅಥೆನ್ಸ್‌ನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಒಂದು ಗ್ರಂಥ ಬರೆದ. ಅದರ ಮೂರನೇ ಭಾಗದಲ್ಲಿ ಒಂದು ಕಥೆ ಬರುತ್ತದೆ. ಕಾನಿಯಸ್ ಎಂಬ ರೋಮಿನ ಗಣ್ಯ ಸಿಸಿಲಿಯ ಸಿರಾಕ್ಯೂಸಿಗೆ ಹೋದವನು ಅಲ್ಲೊಂದು ತೋಟ ಕೊಳ್ಳಬೇಕೆಂದು ಹೇಳಿಕೊಂಡು ಓಡಾಡುತ್ತಿದ್ದ. ಪಿಥಿಯಸ್ ಎಂಬ ಲೇವಾದೇವಿಗಾರ ಅವನನ್ನು ತನ್ನ ಕಡಲತೀರದ ತೋಟಕ್ಕೆ ಊಟಕ್ಕೆ ಕರೆದ. ಅವನು ಒಪ್ಪಿದ ಮೇಲೆ ಊರಿನ ಬೆಸ್ತರನ್ನು ಕರೆಸಿ, ನಾಳೆ ನೀವೆಲ್ಲ ನನ್ನ ತೋಟದ ಮುಂದೆಯೇ ಮೀನು ಹಿಡಿಯಬೇಕು ಎಂದು ಗೊತ್ತುಮಾಡಿದ. ಮರುದಿನ ಕಾನಿಯಸ್ ಬಂದು ನೋಡಿದರೆ ನೀರಿನ ತುಂಬ ದೋಣಿಗಳು! ಬೆಸ್ತರು ಒಬ್ಬೊಬ್ಬರಾಗಿ ಬಂದು ಹಿಡಿದ ಮೀನನ್ನು ಪಿಥಿಯಸನ ಕಾಲ ಬಳಿ ಸುರಿದರು. ಏನಿದು ಎಂದು ಕೇಳಿದರೆ, ಸಿರಾಕ್ಯೂಸಿನ ಮೀನೆಲ್ಲ ಸಿಗುವುದು ಇಲ್ಲೇ, ಈ ತೋಟ ಬಿಟ್ಟರೆ ಅವರಿಗೆ ಬದುಕಿಲ್ಲ ಎಂದ ಪಿಥಿಯಸ್. ಕಾನಿಯಸ್ ಹಟಕ್ಕೆ ಬಿದ್ದು ಕೇಳಿದ ಬೆಲೆ ಕೊಟ್ಟು, ಒಳಗಿನ ಸಾಮಾನಿನ ಸಮೇತ ತೋಟ ಕೊಂಡ. ಮಾರನೇ ದಿನ ಗೆಳೆಯರನ್ನು ಕರೆದುಕೊಂಡು ಬಂದರೆ ಒಂದು ಹುಟ್ಟೂ ಕಾಣಲಿಲ್ಲ. ಬೆಸ್ತರಿಗೆ ಇವತ್ತೇನಾದರೂ ಹಬ್ಬವೇ ಎಂದು ಪಕ್ಕದ ತೋಟದವನನ್ನು ವಿಚಾರಿಸಿದ. ಇಲ್ಲಿ ಯಾರೂ ಮೀನು ಹಿಡಿಯುವುದಿಲ್ಲ, ನಿನ್ನೆ ಏನಾಯಿತೆಂದು ನನಗೇ ಆಶ್ಚರ್ಯವಾಗಿತ್ತು ಎಂದ ಅವನು.

ಆ ತೋಟ ಅಲ್ಲೇ ಇತ್ತು, ಕಡಲೂ ಅಲ್ಲೇ ಇತ್ತು. ಸುಳ್ಳಾಗಿದ್ದದ್ದು ದೋಣಿಗಳ ಸಾಲು ಒಂದೇ. ಇತರರಿಗೂ ಇದು ಬೇಕಾಗಿದೆ ಎಂಬ ನೋಟವನ್ನು ಪಿಥಿಯಸ್ ಕಟ್ಟಿ ತೋರಿಸಿದ್ದ. ಈ ಕಥೆ ಮುಗಿದ ಸ್ವಲ್ಪದರಲ್ಲೇ ಸಿಸಿರೊ ಹರಾಜಿನ ಮಾತಿಗೆ ಬರುತ್ತಾನೆ. ಮಾರುವವನು ಬೆಲೆ ಏರಿಸಲು ಆಳನ್ನು ಇಡಬಾರದು, ಕೊಳ್ಳುವವನು ಬೆಲೆ ಇಳಿಸಲು ಆಳನ್ನು ಇಡಬಾರದು ಎನ್ನುತ್ತಾನೆ. ಬೆಲೆ ಏರಿಸುವ ಆ ಆಳಿಗೆ ಲ್ಯಾಟಿನ್‌ನಲ್ಲಿ ಆಗಲೇ ಒಂದು ಹೆಸರಿತ್ತು: ‘ಇಲ್ಲಿಸಿಟಾಟರ್’. ಹೆಸರು ಹುಟ್ಟಬೇಕಾದರೆ ಕಸುಬು ಎಷ್ಟು ಬಳಕೆಯಲ್ಲಿ ಇದ್ದಿರಬೇಕು!

ಇಂಗ್ಲೆಂಡಿನಲ್ಲಿ ಹದಿನೇಳನೇ ಶತಮಾನದ ಹರಾಜು ಮೇಣದ ಬತ್ತಿಯ ಬೆಳಕಿನಲ್ಲಿ ನಡೆಯುತ್ತಿತ್ತು. ಒಂದು ಅಂಗುಲದ ಬತ್ತಿ ಹಚ್ಚಿ, ಅದು ಆರುವ ಮುನ್ನ ಕೊನೆಯದಾಗಿ ಕೂಗಿದವನಿಗೆ ಸರಕು. ನಮ್ಮ ಕಾರವಾರದಲ್ಲೂ ಮೆಣಸು ಕೊಳ್ಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನಲ್ಲಿ ಸರಕು ಮಾರುತ್ತಿದ್ದ ರೀತಿಯೂ ಇದೇ. 1662ರ ಸೆಪ್ಟೆಂಬರಿನಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಒಬ್ಬ ಚತುರನ ಬಗ್ಗೆ ಬರೆದಿದ್ದಾನೆ. ಬತ್ತಿ ಆರುವ ಕ್ಷಣದಲ್ಲಿ ಹೊಗೆ ಕೆಳಕ್ಕೆ ಇಳಿಯುವುದನ್ನು ಗಮನಿಸಿ, ಸರಿಯಾಗಿ ಆಗ ಕೂಗುತ್ತಿದ್ದನಂತೆ ಅವನು. ಅದು ಬರಿಯ ಜಾಣತನ. ಅವನು ಕೂಗಿದ ಬೆಲೆ ಕೊಡುತ್ತಿದ್ದ, ಸರಕು ಒಯ್ಯುತ್ತಿದ್ದ.

ಮುಂದಿನ ಶತಮಾನಕ್ಕೆ ಲಂಡನ್ನಿನಲ್ಲಿ ಕೂಗಿಯೂ ಕೊಳ್ಳದ ಜನ ಹೆಚ್ಚಿದ್ದರು. ಅವರಿಗೆ ‘ಪಫರ್’ ಎಂದು ಹೆಸರು, ಅಂದರೆ ಬೆಲೆಯನ್ನು ಊದಿ ಉಬ್ಬಿಸುವವರು. 1776ರಲ್ಲಿ ಒಂದು ಕುದುರೆಯ ವ್ಯಾಜ್ಯ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದೆ ಬಂತು. ಹೆಚ್ಚು ಕೂಗಿದವರಿಗೆ ಮಾರಾಟ ಎಂದು ಹರಾಜಿನ ಷರತ್ತು ಹೇಳುತ್ತಿತ್ತು. ಕುದುರೆಯ ಒಡೆಯ ಮಾತ್ರ 15 ಪೌಂಡಿಗಿಂತ ಕಡಿಮೆಗೆ ಬಿಡಬೇಡ ಎಂದು ಹರಾಜುಗಾರನಿಗೆ ಗುಟ್ಟಾಗಿ ಹೇಳಿದ್ದ. ಅದಕ್ಕಿಂತ ಕಡಿಮೆಗೆ ಕುದುರೆ ಹೋದಾಗ ಹರಾಜುಗಾರನ ಮೇಲೆ ದಾವೆ ಹೂಡಿದ. ಆ ಹರಾಜುಗಾರ ಜೇಮ್ಸ್ ಕ್ರಿಸ್ಟಿ, ಇಂದಿಗೂ ಇರುವ ಕ್ರಿಸ್ಟೀಸ್ ಸಂಸ್ಥೆಯ ಮೂಲಪುರುಷ. ಒಡೆಯನೇ ಗುಟ್ಟಾಗಿ ಕೂಗುವುದು, ಕೂಗಿಸುವುದು ನೆರೆದವರಿಗೆ ಮಾಡುವ ಮೋಸ, ಕನಿಷ್ಠ ಬೆಲೆ ಬೇಕಿದ್ದರೆ ಅದನ್ನು ಬಹಿರಂಗವಾಗಿ ಹೇಳಲಿ ಎಂದು ಮ್ಯಾನ್ಸ್‌ಫೀಲ್ಡ್ ದಾವೆಯನ್ನು ತಳ್ಳಿಹಾಕಿದ. ಮಾತು ಅಲ್ಲಿಗೇ ಇತ್ಯರ್ಥವಾಗಲಿಲ್ಲ. ಆಸ್ತಿ ತೀರ ಅಗ್ಗಕ್ಕೆ ಹೋಗದಂತೆ ಕಾಯಲು ಒಬ್ಬ ಪಫರ್ ಇದ್ದರೆ ತಪ್ಪಿಲ್ಲ ಎಂದು ಚಾನ್ಸರಿ ಕೋರ್ಟು ಬಹುಕಾಲ ಹೇಳುತ್ತಾ ಬಂತು. ಒಂದೇ ಊರಿನಲ್ಲಿ ಎರಡು ನ್ಯಾಯ. 1867ರ ಭೂಮಿ ಹರಾಜಿನ ಕಾಯ್ದೆ ಬಂದ ಮೇಲೆ ಆ ಗೊಂದಲ ತೀರಿತು. ಅದಕ್ಕೂ ಮುಂಚೆ, 1859ರ ಒಂದು ಪ್ರಕರಣದಲ್ಲಿ, ಕನಿಷ್ಠ ಬೆಲೆಯಿಲ್ಲದೆ ಮಾರುತ್ತೇವೆಂದು ಸಾರಿದ್ದ ‘ಜಾನೆಟ್ ಪ್ರೈಡ್’ ಎಂಬ ಹೆಣ್ಣುಕುದುರೆಗೆ ಒಬ್ಬ 60 ಗಿನಿ ಕೂಗಿದ್ದ. 61 ಎಂದು ಕೂಗಿದವನು ಕುದುರೆಯ ಒಡೆಯನೇ! ಅದು ತಿಳಿದೊಡನೆ 60ರವನು ಕೂಗುವುದನ್ನು ನಿಲ್ಲಿಸಿ, ಕುದುರೆ ನನ್ನದು ಎಂದು ಪಟ್ಟುಹಿಡಿದ.

ಭಾರತದಲ್ಲಿ ಇಂಥ ಗೊಂದಲಕ್ಕೆ ಎಡೆಯಿರಲಿಲ್ಲ. 1872ರ ಕರಾರು ಕಾಯ್ದೆಯ 123ನೇ ಕಲಮು ಒಂದೇ ವಾಕ್ಯದಲ್ಲಿ ಮುಗಿಸಿತು: ಮಾರುವವನು ಬೆಲೆ ಏರಿಸಲು ಸೋಗಿನ ಸವಾಲು ಬಳಸಿದರೆ, ಕೊಂಡವನು ಬಯಸಿದಲ್ಲಿ ಮಾರಾಟ ರದ್ದು. 1930ರ ಸರಕು ಮಾರಾಟ ಕಾಯ್ದೆಗೆ ಅದು 64ನೇ ಕಲಮಾಗಿ ಸೇರಿತು. ತಾನೂ ಕೂಗುವ ಹಕ್ಕನ್ನು ಒಡೆಯ ಮೊದಲೇ ಬಹಿರಂಗವಾಗಿ ಕಾದಿರಿಸಿಕೊಳ್ಳಬಹುದು. ಹಾಗೆ ಹೇಳದೆ ತಾನು ಕೂಗುವಂತಿಲ್ಲ, ಇನ್ನೊಬ್ಬರಿಂದ ಕೂಗಿಸುವಂತಿಲ್ಲ, ಗೊತ್ತಿದ್ದೂ ಹರಾಜುಗಾರ ಅಂಥ ಸವಾಲನ್ನು ಒಪ್ಪುವಂತಿಲ್ಲ. ಈ ಕಲಮು ಇಂದಿಗೂ ಜಾರಿಯಲ್ಲಿದೆ. ಕೊಂಡವನಿಗೆ ಎದುರಾಗುವ ತೊಡಕೆಂದರೆ ಸೋಗನ್ನು ಸಾಬೀತು ಮಾಡುವುದು.

1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ಈಬೇಯ ಮೊದಲ ರೂಪವನ್ನು ಶುರುಮಾಡಿದಾಗ ಅಲ್ಲಿ ಮಾರಾಟವಾದ ಮೊದಲ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಕೊಳ್ಳುವವರ ಕೆಲಸ ಹಗುರಾಗಲೆಂದು ಈಬೇ ಒಂದು ಅನುಕೂಲ ಕೊಟ್ಟಿತು. ನಿಮ್ಮ ಗರಿಷ್ಠ ಮೊತ್ತ ಎಷ್ಟೆಂದು ಯಂತ್ರದ ಕಿವಿಯಲ್ಲಿ ಹೇಳಿ, ಬೇಕಾದಷ್ಟು ಮಾತ್ರ ಅದೇ ಏರಿಸುತ್ತದೆ. ಬೆಂಗಳೂರಿನ ಸಂಗ್ರಾಹಕನೊಬ್ಬ ಹಳೇ ಎಚ್‌ಎಂಟಿ ‘ಪೈಲಟ್’ ವಾಚಿಗೆ 6,000 ರೂಪಾಯಿ ಮಿತಿ ಹಾಕಿದನೆಂದುಕೊಳ್ಳೋಣ. ಎದುರಿನ ಅಸಲಿ ಗಿರಾಕಿಯ ಮಿತಿ 2,500 ಆದರೆ ವಾಚು 2,600ಕ್ಕೆ ಇವನದಾಗಬೇಕು. ಈಗ ಮಾರುವವನ ಭಾವಮೈದುನ ಇನ್ನೊಂದು ಖಾತೆಯಿಂದ 3,500 ಹಾಕುತ್ತಾನೆ. ಯಂತ್ರ ತಕ್ಷಣ 3,600 ಎನ್ನುತ್ತದೆ. 4,500 ಹಾಕಿದರೆ 4,600. 5,800 ಹಾಕಿ, ಇನ್ನು ಮುಂದೆ ಹೋದರೆ ವಾಚು ತನ್ನ ಕೊರಳಿಗೇ ಬೀಳುತ್ತದೆಂದು ನಿಲ್ಲಿಸುತ್ತಾನೆ. ಸಂಗ್ರಾಹಕ 5,900 ಕೊಟ್ಟು, ಗೆದ್ದೆನೆಂಬ ಖುಷಿಯಲ್ಲಿರುತ್ತಾನೆ.

‘ಅವನೇ 6,000 ಕೊಡಲು ಸಿದ್ಧನಿದ್ದನಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆ 6,000 ಅವನು ಯಂತ್ರಕ್ಕೆ ನಂಬಿ ಹೇಳಿದ ಗುಟ್ಟು. ಬೇರೊಬ್ಬನಿಗೆ ನಿಜವಾಗಿ ಬೇಕಾದರೆ ಮಾತ್ರ ಅಲ್ಲಿಯವರೆಗೆ ಹೋಗುತ್ತೇನೆ ಎಂಬುದು ಅದರ ಷರತ್ತು. ಬೇಕಾದವನೇ ಇಲ್ಲದಿದ್ದಾಗ ಬೇಕಾದವನನ್ನು ಸೃಷ್ಟಿಸಿ ಆ ಗುಟ್ಟನ್ನು ಕೆದಕಿ ತೆಗೆದದ್ದು ಜೇಬಿಗೆ ಕೈ ಹಾಕಿದಷ್ಟೇ ಖಚಿತವಾದ ಕಳ್ಳತನ. ನಷ್ಟ ಅವನೊಬ್ಬನದೂ ಅಲ್ಲ. ನಾಳೆ ಇನ್ನೊಬ್ಬ ಪೈಲಟ್ ವಾಚಿನ ದರ ಎಷ್ಟೆಂದು ಹುಡುಕಿದರೆ ಅವನಿಗೆ ಕಾಣುವುದು 5,900. ಸುಳ್ಳು ಸಾಕ್ಷಿಯೊಂದು ದಾಖಲೆಯಾಗಿ ಕೂತಿರುತ್ತದೆ. ಮಾರುವವನಿಗೆ ಕಡಿಮೆಗೆ ಕೊಡಲು ಮನಸ್ಸಿಲ್ಲದಿದ್ದರೆ 4,000ದಿಂದಲೇ ಹರಾಜು ಶುರುಮಾಡುವ ದಾರಿ ಇದ್ದೇ ಇತ್ತು.

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲೂ ಈಗ ಹರಾಜು ನಡೆಯುವುದು ಮೊಬೈಲಿನಲ್ಲೇ. ಹಿಂದೆ ಗೂಡಿನ ರಾಶಿಯ ಸುತ್ತ ನಿಂತು ಕೂಗುತ್ತಿದ್ದ, ನೂಲು ಬಿಚ್ಚುವ ರೀಲರುಗಳು ಈಗ ಲಾಟಿನ ನಂಬರ್ ನೋಡಿ ಬೆರಳಿನಿಂದ ಬೆಲೆ ಒತ್ತುತ್ತಾರೆ. ಬೆಲೆ ಹಿಡಿಸದಿದ್ದರೆ ಕೊಡುವುದಿಲ್ಲ ಎನ್ನುವ ಹಕ್ಕು ರೈತನಿಗಿದೆ. ಆದರೆ ಅಲ್ಲಿ ಬೆಲೆ ಒತ್ತುವ ಪ್ರತಿಯೊಬ್ಬನ ಹಿಂದೆ ಒಂದು ಲೈಸೆನ್ಸ್ ಇದೆ, ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಮುಖ ಇದೆ. ಅದಕ್ಕೇ ಇಂಟರ್‌ನೆಟ್ಟನ್ನೇ ದೂರಿ ಫಲವಿಲ್ಲ.

ಈಬೇಯಲ್ಲಿ ಇಲ್ಲವಾದದ್ದು ಆ ಮುಖ. ಕೊಂಡವರು, ಮಾರಿದವರು ಒಬ್ಬರ ಬಗ್ಗೆ ಒಬ್ಬರು ಅಭಿಪ್ರಾಯ ಬರೆಯುವ ವ್ಯವಸ್ಥೆಯನ್ನು ಒಮಿಡ್ಯಾರ್ 1996ರಲ್ಲೇ ತಂದಿದ್ದರು. ವಾಲ್ಟನ್ ತಂಡ ಅದನ್ನೂ ಬಿಡದೆ, ತಮ್ಮ ಸುಳ್ಳು ಹೆಸರುಗಳಿಂದ ತಮ್ಮನ್ನೇ ಹೊಗಳಿಕೊಂಡಿತು. 2006ರ ಕೊನೆಯ ಹೊತ್ತಿಗೆ ಈಬೇ ದುಬಾರಿ ಹರಾಜುಗಳಲ್ಲಿ ಬೆಲೆ ಕೂಗಿದವರ ಹೆಸರು ಮರೆಮಾಡತೊಡಗಿತು. ಸೋತ ಗಿರಾಕಿಗಳಿಗೆ ಕಳ್ಳರು ಸುಳ್ಳು ಪತ್ರ ಕಳಿಸಿ ಹಣ ಕೀಳುತ್ತಿದ್ದರು, ಅದನ್ನು ತಡೆಯುವುದು ಉದ್ದೇಶ. ಆದರೆ ಒಬ್ಬನೇ ಮಾರಾಟಗಾರನ ಸರಕಿಗೆ ಮತ್ತೆ ಮತ್ತೆ ಕೂಗಿ ಎಂದೂ ಗೆಲ್ಲದ ಹೆಸರುಗಳನ್ನು ಪಟ್ಟಿಮಾಡಿ ಎಚ್ಚರಿಸುತ್ತಿದ್ದ ಹವ್ಯಾಸಿ ಸಂಗ್ರಾಹಕರ ಕಣ್ಣಿಗೂ ಅದರಿಂದ ಪರದೆ ಬಿತ್ತು. ಪೂರ್ತಿ ಹೆಸರುಗಳು ಈಗ ಇತರ ಗಿರಾಕಿಗಳಿಗೆ ಕಾಣುವುದಿಲ್ಲ.

2010ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಒಬ್ಬನಿಗೆ ಈಬೇಯಲ್ಲಿ ತನ್ನದೇ ಸರಕಿಗೆ ಬೆಲೆ ಕೂಗಿದ್ದಕ್ಕಾಗಿ ಶಿಕ್ಷೆಯಾಯಿತು. ಬ್ರಾಡ್‌ಫರ್ಡ್ ಕೋರ್ಟು ದಂಡ ಹಾಕಿ, 250 ಗಂಟೆ ಸಾರ್ವಜನಿಕ ಕೆಲಸ ಮಾಡುವಂತೆ ಹೇಳಿತು. ಅವನು ಮಾರಿದ್ದು ಒಂದು ಮಿನಿಬಸ್. ಕೊಂಡವನು ಅಧಿಕಾರಿಗಳ ಬಳಿ ಹೋಗಿದ್ದು ಸುಳ್ಳು ಸವಾಲಿನ ದೂರು ಹಿಡಿದುಕೊಂಡಲ್ಲ, ಅದು ಅವನಿಗೆ ಗೊತ್ತೇ ಇರಲಿಲ್ಲ. ಬಸ್ಸು ಓಡಿದ ದೂರ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ ಎಂಬುದು ಅವನ ದೂರು. ಅದರ ಜಾಡು ಹಿಡಿದು ಹೋದ ಅಧಿಕಾರಿಗಳು ಹರಾಜಿನ ದಾಖಲೆ ತೆರೆದಾಗ ಎರಡನೇ ಖಾತೆ ಕಣ್ಣಿಗೆ ಬಿತ್ತು.