ಜಲಜನಕವೆಂಬ ಪದವೂ ವಿಜಯಪುರದ ಸೀಮೆಯೂ

ಕ್ರಿ. ಶ. 1868ನೆಯ ಇಸವಿ ಅಗಸ್ಟ್ 18ರ ಮುಂಜಾನೆ ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ಛಾಯೆಯು ವಿಜಯಪುರದ ಮೇಲೆ ಹಾಯ್ದುಹೋಯಿತು. ಅಂದು ಕ್ಯಾಪ್ಟನ್ ಹೇಗ್ ಸಾಹೇಬರು ವಿಜಯಪುರದಲ್ಲಿಯೂ, ಪ್ರಸಿದ್ಧ ಜ್ಯೋತಿರ್ವಿದರ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಶೆಲರು ಜಮಖಂಡಿಯಲ್ಲಿಯೂ, ಫ್ರಾನ್ಸ ದೇಶದ ಜಾನ್ಸೆನರು ಗುಂಟೂರಿನಲ್ಲಿಯೂ ವರ್ಣಪಟದರ್ಶಕ ಯಂತ್ರಗಳನ್ನು ಹೂಡಿಕೊಂಡು ಕಾದಿದ್ದರು. ಮರೆಯಾದ ಬಿಂಬದ ಅಂಚಿನಿಂದೆದ್ದ ಕೆಂಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದಾಗ ಹೇಗ್ ಸಾಹೇಬರಿಗೆ ಗುಲಾಬಿಗೆಂಪಿನದೊಂದು, ತಿಳಿಹೊನ್ನಿನದೊಂದು, ಹೀಗೆ ಎರಡು ಪಟ್ಟೆಗಳು ಗೋಚರಿಸಿದವು. ಕೆಂಪುಪಟ್ಟೆಯು ಜಲಜನಕದ್ದೆಂದು ನಿರ್ಣಯವಾಯಿತು. ಹೊನ್ನಿನ ಬಣ್ಣದ್ದು ಅಲ್ಲಿಯವರೆಗೆ ಯಾರೂ ಅರಿಯದ ಹೀಲಿಯಮ್ಮಿನದು. ಅದು ಭೂಮಿಯ ಮೇಲೆ ಕೈಗೆ ಸಿಕ್ಕುವದಕ್ಕೆ 1895ರ ವರೆಗೆ ಕಾಯಬೇಕಾಯಿತು. ಸೂರ್ಯನ ಜ್ವಾಲೆಗಳಲ್ಲಿರುವದು ಜಲಜನಕವೆಂಬ ಮಾತಿಗೆ ಸಾಕ್ಷಿ ನುಡಿದ ಊರುಗಳಲ್ಲಿ ಬರಗಾಲಕ್ಕೆ ಹೆಸರಾದ ವಿಜಯಪುರವೂ ಒಂದೆಂಬುದನ್ನು ಆ ಸೀಮೆಯವರೇ ಬಹುಮಟ್ಟಿಗೆ ಮರೆತಿರುವರು.

ಈ ವಾಯುವನ್ನು 1766ರಲ್ಲಿ ಇಂಗ್ಲಂಡದ ಕ್ಯಾವೆಂಡಿಶರು ಪ್ರತ್ಯೇಕಿಸಿ 'ಉರಿಯುವ ಗಾಳಿ' ಎಂದು ಕರೆದರು. ಅದು ಉರಿದರೆ ನೀರಾಗುವದೆಂಬುದರ ಮರ್ಮವನ್ನು 1783ರಲ್ಲಿ ಲಾವೋಸಿಯೆ ವಿವರಿಸಿದರು. 1787ರಲ್ಲಿ ಫ್ರೆಂಚ ಪಂಡಿತರು ಗ್ರೀಕ್ ಧಾತುಗಳಿಂದ ಅದಕ್ಕೊಂದು ಹೆಸರನ್ನು ಕಟ್ಟಿದರು. 'ಜಲಜನಕ' ಎಂಬುದು ಆ ಹೆಸರಿನ ಅನುವಾದವೇ ಆಗಿದ್ದರೂ ಮೂಲಕ್ಕಿಂತ ಹೆಚ್ಚಿನ ಅರ್ಥವನ್ನು ಹೊತ್ತಿದೆ. ಷಷ್ಠೀತತ್ಪುರುಷವೆಂದು ವಿಗ್ರಹಿಸಿದರೆ ಜಲಕ್ಕೆ ಜನಕವಾದದ್ದು. ಬಹುವ್ರೀಹಿಯೆಂದು ವಿಗ್ರಹಿಸಿದರೆ ಜಲವೇ ಯಾವುದಕ್ಕೆ ಜನಕವೋ ಅದು. ಎರಡೂ ಸತ್ಯವೇ. ನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿ ಅದನ್ನು ಒಡೆಯಬಹುದೆಂದು 1800ರಲ್ಲಿ ನಿಕಲ್ಸನ್ ಮತ್ತು ಕಾರ್ಲೈಲರು ತೋರಿಸಿದಂದಿನಿಂದ ಎರಡನೆಯ ವಿಗ್ರಹವೂ ಸಿದ್ಧವಾಯಿತು. ಇದರ ಜೊತೆಗಾರನಾದ 'ಆಮ್ಲಜನಕ'ವೆಂಬ ಹೆಸರಾದರೋ ಲಾವೋಸಿಯೆಯವರ ತಪ್ಪೆಣಿಕೆಯನ್ನು ಇಂದಿಗೂ ಹೊತ್ತು ನಡೆದಿದೆ. ಆಮ್ಲಗಳಿಗೆಲ್ಲ ಅದೇ ಕಾರಣವೆಂಬ ಅವರ ಮತವನ್ನು 1810ರಲ್ಲಿ ಡೇವಿಯವರು ಮುರಿದರು. ನ್ಯಾಯವಾಗಿ ನೋಡಿದರೆ ಆ ಬಿರುದೂ ಜಲಜನಕಕ್ಕೇ ಹೆಚ್ಚು ಸಲ್ಲುತ್ತಿತ್ತು.

ನೀರೊಳಗೆ ಬೆಂಕಿಯುಂಟೆಂಬ ಬಡಬಾನಲದ ಕಲ್ಪನೆಯನ್ನು ಬೋಧಿಸುವ ಸಾಹಿತ್ಯೋಪಾಧ್ಯಾಯರಿಗೆ ಈ ವಾಯುವು ಒಳ್ಳೆಯ ದೃಷ್ಟಾಂತವಾಗಬಲ್ಲದು. ಆದರೆ ಕವಿಸಮಯದ ಬಡಬಾಗ್ನಿಯು ತಾನಾಗಿ ಉರಿಯುವದು. ಈ ಬೆಂಕಿಯನ್ನು ನೀರಿನಿಂದ ಕ್ರಯಕೊಟ್ಟು ಬಿಡಿಸಿಕೊಳ್ಳಬೇಕು. ಒಂದು ಕಿಲೋಗ್ರಾಂ ಜಲಜನಕದಲ್ಲಿ ಸುಮಾರು 33 ಯೂನಿಟ್ ಶಕ್ತಿಯಿದೆ. ಅದನ್ನು ನೀರಿನಿಂದ ಬೇರ್ಪಡಿಸಲು 50ಕ್ಕೂ ಮಿಕ್ಕ ಯೂನಿಟ್ ವಿದ್ಯುತ್ತು ಬೇಕಾಗುವದು. ಅಂದಮೇಲೆ ಇದು ಕಲ್ಲಿದ್ದಲಿನಂತೆ ಅಗೆದು ತೆಗೆಯುವ ನಿಧಿಯಲ್ಲ. ಬೇರೆಡೆ ಗಳಿಸಿದ್ದನ್ನು ಕೂಡಿಡುವ ಹಗೇವು ಮಾತ್ರ. ಆ ವಿದ್ಯುತ್ತು ಬಸವನ ಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿರುವ 2400 ಮೆಗಾವಾಟಿನ ಸ್ಥಾವರದಂಥ ಕಲ್ಲಿದ್ದಲಿನ ಒಲೆಯಿಂದ ಬಂದುದಾದರೆ, ಒಂದು ಕಿಲೋಗ್ರಾಂ 'ಶುದ್ಧ' ಇಂಧನದ ಹಿಂದೆ 40 ಕಿಲೋಗ್ರಾಮಿಗೂ ಹೆಚ್ಚು ಇಂಗಾಲಾಮ್ಲವಾಯುವು ಆಕಾಶಕ್ಕೇರಿರುತ್ತದೆ. ಹೊಗೆಯು ಗಾಡಿಯ ಬಾಲದಿಂದ ಸ್ಥಾವರದ ಚಿಮಣಿಗೆ ಸ್ಥಳಾಂತರ ಹೊಂದಿತೆಂಬುದಷ್ಟೇ ಅದರ ಫಲ.

ಕೂಡಿಡುವದೂ ಸುಲಭವಲ್ಲ. ಸಾಮಾನ್ಯ ಒತ್ತಡದಲ್ಲಿ ಒಂದು ಕಿಲೋಗ್ರಾಂ ಜಲಜನಕವು ಸುಮಾರು 12,000 ಲೀಟರ್ ಜಾಗವನ್ನು ಬೇಡುತ್ತದೆ. ಗಾಡಿಯಲ್ಲಿ ಒಯ್ಯಬೇಕಾದರೆ ವಾಯುಮಂಡಲದ ಒತ್ತಡದ 350 ರಿಂದ 700 ಪಟ್ಟು ಒತ್ತಬೇಕು. ಇಲ್ಲವೆ ಶೂನ್ಯಕ್ಕಿಂತ 253 ಅಂಶ ಕೆಳಗೆ ತಣಿಸಿ ದ್ರವವಾಗಿಸಬೇಕು. ಹೀಗೆ ತಣಿಸುವದರಲ್ಲಿಯೇ ಅದರ ಶಕ್ತಿಯ ಮೂರರಲ್ಲೊಂದು ಪಾಲಿನಷ್ಟು ವೆಚ್ಚವಾಗುವದು. ಅಣುವು ಅತಿಸೂಕ್ಷ್ಮವಾದುದರಿಂದ ಉಕ್ಕಿನೊಳಗೆ ಸೇರಿ ಅದನ್ನು ಬಿರುಸುಗೊಳಿಸಿ ಬಿರುಕುಬಿಡಿಸುತ್ತದೆ. ಗಾಳಿಯಲ್ಲಿ ನೂರಕ್ಕೆ 4 ರಿಂದ 75 ಪಾಲು ಬೆರೆತಿದ್ದರೂ ಕಿಡಿ ಸಾಕು, ಹೊತ್ತಿಕೊಳ್ಳುವದು. ಶುದ್ಧಜ್ವಾಲೆಯು ಹಗಲಿನಲ್ಲಿ ಕಣ್ಣಿಗೆ ಕಾಣದು. 1937ರ ಮೇ 6ರಂದು ಅಮೇರಿಕೆಯ ಲೇಕ್‌ಹರ್ಸ್ಟಿನಲ್ಲಿ ಹಿಂಡೆನ್‌ಬರ್ಗ್ ವಿಮಾನನೌಕೆಯು ಸುಟ್ಟು 36 ಜನ ಮಡಿದದ್ದು ಪ್ರಸಿದ್ಧವೇ ಇದೆ. ಕರ್ನಾಟಕದ ರಾಜಧಾನಿಯಲ್ಲಿ ನೆಲೆಸಿರುವ ಇಸ್ರೋ ಸಂಸ್ಥೆಯು ದ್ರವಜಲಜನಕದ ಯಂತ್ರವನ್ನು ಸ್ವದೇಶದಲ್ಲಿ ನಿರ್ಮಿಸಿ 2010ರ ಏಪ್ರಿಲ್ 15ರಂದು ಹಾರಿಸಿದಾಗ, ಆ ದ್ರವವನ್ನು ಪೂರೈಸುವ ಪಂಪು ನಿಂತು ಪ್ರಯೋಗವು ವಿಫಲವಾಯಿತು. 2014ರ ಜನವರಿ 5ರಂದು ಅದು ಸಿದ್ಧಿಸಿತು. ರಾಕೆಟ್ಟಿಗೆ ವೆಚ್ಚದ ಎಣಿಕೆಯು ಗೌಣ. ಲಾರಿಗೆ ಅದೇ ಮುಖ್ಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ದಾಸಪ್ಪನವರ ತಂಡವು ಮತ್ತೊಂದು ದಾರಿಯನ್ನು ತೋರಿರುವದು. ಸಸ್ಯತ್ಯಾಜ್ಯವನ್ನು ಆಮ್ಲಜನಕ ಮತ್ತು ಉಗಿಯೊಡನೆ ಕಾಯಿಸಿದರೆ ಕಿಲೋಗ್ರಾಮಿಗೆ 100 ಗ್ರಾಂ ಜಲಜನಕ ದೊರೆಯುವದೆಂದು 2022ರಲ್ಲಿ ಪ್ರಕಟವಾಯಿತು. ತ್ಯಾಜ್ಯದಲ್ಲಿರುವದು 60 ಗ್ರಾಂ ಮಾತ್ರ. ಉಳಿದದ್ದು ಉಗಿಯ ಕೊಡುಗೆ. ಆದರೆ ಇಂಡಿ, ಸಿಂದಗಿಗಳ ಕಡೆ ಜೋಳದ ಕಣಿಕೆಯನ್ನು ತ್ಯಾಜ್ಯವೆಂದರೆ ದನಗಳು ಒಪ್ಪಲಾರವು. ತೊಗರಿಯ ಕಟ್ಟಿಗೆಯ ಮೇಲೆ ಒಲೆಯ ಹಕ್ಕಿದೆ.

ಇನ್ನು ನೀರಿನ ಪ್ರಶ್ನೆ. ಒಂದು ಕಿಲೋಗ್ರಾಂ ಜಲಜನಕಕ್ಕೆ ರಸಾಯನನಿಯಮದಂತೆ 9 ಲೀಟರ್ ನೀರು ಬೇಕು. ಶುದ್ಧೀಕರಣದ ನಷ್ಟ, ತಂಪುಗೊಳಿಸುವಿಕೆಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಬರದ ನಾಡಿಗೆ ಇದು ಸಲ್ಲದೆಂದು ಒಮ್ಮೆಲೇ ಹೇಳುವವರುಂಟು. ಈ ಮಾತು ಅರ್ಧಸತ್ಯವಾಗಿದೆ. 2023ರ ಜನವರಿ 4ರಂದು ಕೇಂದ್ರ ಮಂತ್ರಿಮಂಡಲವು ಅಂಗೀಕರಿಸಿದ 19,744 ಕೋಟಿ ರೂಪಾಯಿಗಳ ಯೋಜನೆಯು 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ನಿನ ಗುರಿಯನ್ನಿಟ್ಟಿದೆ. ಅಷ್ಟಕ್ಕೂ ರಸಾಯನನಿಯಮದಂತೆ ಬೇಕಾಗುವ ನೀರು ಒಂದೂವರೆ ಟಿಎಂಸಿಯನ್ನು ಸ್ವಲ್ಪವೇ ಮೀರುವದು. ಆಲಮಟ್ಟಿಯ ಜಲಾಶಯವೊಂದೇ 123 ಟಿಎಂಸಿ ಹಿಡಿಯುತ್ತದೆ. ಅದೇ ಗುರಿಗೆ ಬೇಕಾಗುವ ವಿದ್ಯುತ್ತಾದರೋ 25,000 ಕೋಟಿ ಯೂನಿಟ್ಟಿಗೆ ಕಡಿಮೆಯಿಲ್ಲ. ಆದುದರಿಂದ ದೇಶದ ಲೆಕ್ಕದಲ್ಲಿ ತೊಡಕಿರುವದು ನೀರಿನಲ್ಲಲ್ಲ, ವಿದ್ಯುತ್ತಿನಲ್ಲಿ.

ಊರಿನ ಲೆಕ್ಕ ಬೇರೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಝಳಕಿಯಲ್ಲಿ ಒಂದು ಲಾರಿಗೆ 30 ಕಿಲೋಗ್ರಾಂ ತುಂಬಬೇಕಾದರೆ 270 ಲೀಟರ್ ನಿರ್ಮಲ ನೀರೂ 1500 ಯೂನಿಟ್ ವಿದ್ಯುತ್ತೂ ಬೇಕು. ದಿನಕ್ಕೆ ನೂರು ಲಾರಿಗಳೆಂದರೆ 27,000 ಲೀಟರ್. ಬಿಸಿಲೂ ಗಾಳಿಯೂ ಆ ಸೀಮೆಗೆ ಧಾರಾಳವಾಗಿವೆ. ಆದರೆ ಬರದ ಬೇಸಗೆಗಳಲ್ಲಿ ಇಂಡಿಯ ರೈತರು ಹೆಸರಾಂತ ನಿಂಬೆಯ ತೋಟಗಳನ್ನು ಟ್ಯಾಂಕರಿನ ನೀರು ಕೊಂಡು ಉಳಿಸಿಕೊಂಡಿರುವರು. ಬಿಸಿಲು ಹೆಚ್ಚಾಗುವ ತಿಂಗಳುಗಳೂ ಬಾವಿಗಳು ಬತ್ತುವ ತಿಂಗಳುಗಳೂ ಅಲ್ಲಿ ಒಂದೇ. ಜಲಜನಕವು ಉರಿದು ಮರಳಿ ಕೊಡುವ ನೀರೂ ಲಾರಿಯ ಹಿಂದೆ ಉಗಿಯಾಗಿ ದಾರಿಯುದ್ದಕ್ಕೂ ಚೆದರುವದೇ ಹೊರತು, ತಂದ ಬಾವಿಗೆ ತಿರುಗಿ ಬರುವದಿಲ್ಲ.